ಹಿಮದ ಹೇಸಿಗೆ

ಟೊಪ್ಪಿಯೊಳಗಿನ ಸೂಜಿಬೆಳಕುಗಳು ಮೂರು ದಿನಗಳಿಂದ ಸುನಿಧಿ ಮೆಂಡನ್‌ಳ ಮಿದುಳನ್ನು ಹೊಲಿಯುತ್ತಿದ್ದವು. ಮಲ್ಪೆಯ ಮೀನುಗಾರರ ಮಗಳು, ಸೇನೆ ಸೇರಿ ಸ್ಕೀಯಿಂಗ್ ಕಲಿತವಳು. ಹಿಮಾಲಯದ ಇಳಿಜಾರಿನಲ್ಲಿ ಬಿದ್ದಾಗ ಹೆಲ್ಮೆಟ್ ಒಡೆಯಲಿಲ್ಲ. ಆದರೆ ಬುರುಡೆಯೊಳಗೆ ಮಿದುಳು ಅದುರಿತು. ಹಿಂದಾಗಿದ್ದರೆ ಕತ್ತಲೆ ಕೋಣೆ, ತಲೆನೋವು, ವಾಕರಿಕೆ ಎಂದು ಐದಾರು ತಿಂಗಳು ನರಳಬೇಕಿತ್ತು. ಈಗ ಡಾ. ಹಿಲ್ಡಾ ಲೋಬೊ ಅವರ ಈ ಟೊಪ್ಪಿ, ಅಂದರೆ ನರಬೆಸುಗೆ ಯಂತ್ರವು, ಒಟ್ಟಿಗೆ ಮಿಡಿಯುವ ನರತಂತುಗಳನ್ನು ಹುಡುಕಿ, ಒಂದೊಂದನ್ನೂ ಬೆಸೆದು ಗಟ್ಟಿ ಮಾಡುತ್ತಿತ್ತು.

ಆ ಮೂರು ದಿನವೂ ಸುನಿಧಿ ಪೆಟ್ಟಿನ ವಾಕರಿಕೆಯಲ್ಲಿ, ಆಸ್ಪತ್ರೆಯ ಕಿಟಕಿಯಾಚೆಯ ಹಿಮ ನೋಡುತ್ತ ವಾಂತಿ ಮಾಡಿಕೊಂಡಳು. ನಾಲ್ಕನೆಯ ದಿನ ಎಲ್ಲ ಪರೀಕ್ಷೆಗಳಲ್ಲೂ ಪಾಸಾದಳು. ಮುಂದಿನ ವಾರವೇ ಸ್ಪರ್ಧೆ. ತರಬೇತುದಾರರು ಅವಳನ್ನು ನೇರ ಬೆಟ್ಟಕ್ಕೆ ಕರೆದೊಯ್ದರು.

ಹಿಮದ ಮೇಲೆ ನಿಂತಳು, ಅಷ್ಟೇ. ಆ ಬಿಳುಪು ಕೀವಿನಂತೆ ಕಂಡಿತು. ಸ್ಕೀಗಳ ಮೇಲೆಯೇ ಕಾರಿಕೊಂಡಳು.

ಸ್ಪರ್ಧೆ ತಪ್ಪಿತು. ಮಲ್ಪೆಗೆ ಮರಳಿದರೆ ಅಲ್ಲಿಯೂ ಬಿಡುಗಡೆಯಿಲ್ಲ. ಬಂದರಿನಲ್ಲಿ ಅಪ್ಪ ಬಂಗುಡೆಯ ಮೇಲೆ ಪುಡಿ ಐಸ್ ಸುರಿಯುತ್ತಿದ್ದರು. ಮೀನಿನ ವಾಸನೆ ಅವಳಿಗೆ ಏನೂ ಮಾಡಲಿಲ್ಲ; ಐಸ್ ಕಂಡು ಗಂಟಲಿಗೆ ಹುಳಿ ಉಕ್ಕಿತು. ಅಪ್ಪ ಅಕ್ಕರೆಯಿಂದ ಒದ್ದೆ ಕೈ ಚಾಚಿದರು. ಬೆರಳಿಗಂಟಿದ ಬಿಳಿ ಹರಳು ನೋಡಿ ಸುನಿಧಿ ಥಟ್ಟನೆ ಹಿಂದೆ ಸರಿದಳು. ಅವರು ಕೈಯನ್ನು ಲುಂಗಿಗೆ ಒರೆಸಿಕೊಂಡರು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಸುದ್ದಿ ತಿಳಿದು ಹಿಲ್ಡಾ ಅವರೇ ಆಸ್ಪತ್ರೆಗೆ ರಜೆ ಹಾಕಿ ಮಲ್ಪೆಯ ಮನೆಗೆ ಬಂದರು.

"ತಲೆ ಸರಿ ಉಂಟು ಅಂತೀರಿ. ಮತ್ತೆ ಇದೆಂತ ಡಾಕ್ಟ್ರೇ?" ಎಂದರು ಅಪ್ಪ.

"ತಪ್ಪು ನನ್ನದೇ. ಆ ಮೂರು ದಿನ ಹಿಮ ನೋಡುವ ನರ, ವಾಕರಿಸುವ ನರ ಎರಡೂ ಒಟ್ಟಿಗೆ ಮಿಡೀತಿದ್ದವು. ಯಂತ್ರ ಅವನ್ನೂ ಒಂದಕ್ಕೊಂದು ಬೆಸೆದುಬಿಟ್ಟಿತು. ನಿಧಾನವಾಗಿ ವಾಸಿಯಾಗಿದ್ದರೆ ಹೇಸಿಗೆಯೂ ತಾನಾಗಿ ಕರಗ್ತಿತ್ತು. ನಾನು ಅದಕ್ಕೆ ಸಮಯವೇ ಕೊಡ್ಲಿಲ್ಲ."

"ಬಿಡಿಸ್ಲಿಕ್ಕೆ ಇನ್ನೊಂದು ಟೊಪ್ಪಿ ಉಂಟಾ?" ಸುನಿಧಿ ವ್ಯಂಗ್ಯವಾಗಿ ಕೇಳಿದಳು.

"ಇಲ್ಲ. ದಿನಾ ಸ್ವಲ್ಪ ಸ್ವಲ್ಪ ಐಸ್ ನೋಡಿ ಅಭ್ಯಾಸ ಮಾಡ್ಬೇಕು. ಐದಾರು ತಿಂಗಳು ಬೇಕಾದೀತು."

"ಹಾಗಾದ್ರೆ ನೀವು ಉಳಿಸಿದ್ದು ಎಂತ?"

ಅಪ್ಪ ತಟ್ಟೆಯಲ್ಲಿ ಒಂದೇ ಒಂದು ಐಸ್ ತುಂಡು ತಂದು ಬಾಗಿಲ ಬಳಿ ಇಟ್ಟರು. ಸುನಿಧಿ ಮೂರು ಉಸಿರಿನಷ್ಟು ಹೊತ್ತು ನೋಡಿದಳು. ನಾಲ್ಕನೆಯದಕ್ಕೆ ವಾಂತಿ ಉಕ್ಕಿ ಹಿಲ್ಡಾರ ಸೀರೆಗೆ ಸಿಡಿಯಿತು. ಹಿಲ್ಡಾರ ಮುಖ ಕಿವುಚಿಕೊಂಡಿತು, ಅವರಿಗೂ ಓಕರಿಕೆ ಬಂತು. ಎದ್ದು ಹೋಗುತ್ತಾರೆಂದು ಸುನಿಧಿ ಕಾದಳು. ಅವರು ಮೂಗು ಬಿಗಿಹಿಡಿದು, ಅವಳ ಬೆನ್ನು ಸವರುತ್ತ ಅಲ್ಲೇ ಕುಳಿತರು.

"ನಾಳೆಯೂ ಬರ್ತೀರಾ?" ಸುನಿಧಿ ಕೇಳಿದಳು.

"ಬರ್ತೇನೆ, ಹಳೇ ಸೀರೆ ಉಟ್ಕೊಂಡು."