ಮೂರನೇ ತಿರುವಿನ ಪಂಚನಾಮೆ

ಸೋಮವಾರ ಬೆಳಿಗ್ಗೆ 7.50ಕ್ಕೆ ಠಾಣೆಗೆ ಬಂದವನು ತಲೆಯ ಮೇಲಿನ ಹಳದಿ ಹೆಲ್ಮೆಟ್ ತೆಗೆದಿರಲಿಲ್ಲ. ರೇಸ್ ಕೋರ್ಸ್ ಕೆಡವುವ ಗುತ್ತಿಗೆ ಹಿಡಿದ ಕಂಪನಿಯ ಮೇಲ್ವಿಚಾರಕ. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಮೂರು ಬುಲ್ಡೋಜರ್ ಸಾರ್. ಮೂರರ ಡೀಸೆಲ್ ಟ್ಯಾಂಕಿಗೂ ಮರಳು ಸುರಿದಿದ್ದಾರೆ. ಎಂಟು ಗಂಟೆಗೆ ಕೆಲಸ ಶುರು ಆಗ್ಬೇಕಿತ್ತು.”

“ಮರಳು ಅಂತ ಹೇಗೆ ಗೊತ್ತಾಯ್ತು?” ಇನ್‌ಸ್ಪೆಕ್ಟರ್ ಕೇಳಿದರು.

“ಮೊದಲನೇದು ಎರಡು ನಿಮಿಷ ಕೆಮ್ಮಿ ನಿಂತುಹೋಯ್ತು. ಡ್ರೈವರ್ ಫಿಲ್ಟರ್ ಬಿಚ್ಚಿ ನೋಡಿದ. ಉಳಿದೆರಡಕ್ಕೆ ಕೋಲು ಇಳಿಸಿದ್ವಿ. ತಳದಲ್ಲಿ ಗಸಿ ಗಸಿ.”

“ಮುಚ್ಚಳಕ್ಕೆ ಬೀಗ ಇರಲಿಲ್ವಾ?”

“ಬುಲ್ಡೋಜರನ್ನ ಯಾರು ಸಾರ್ ಜೇಬಲ್ಲಿ ಹಾಕ್ಕೊಂಡು ಹೋಗ್ತಾರೆ?”

ಇನ್‌ಸ್ಪೆಕ್ಟರ್ ನಗಲಿಲ್ಲ. 8.25ಕ್ಕೆ ಎಫ್‌ಐಆರ್ ದಾಖಲಾಯಿತು. ಮೇಲ್ವಿಚಾರಕನ ಹೇಳಿಕೆಯಿಂದ ಕಾಲಾವಧಿಯೂ ಕಿರಿದಾಯಿತು. ಭಾನುವಾರ ಮಧ್ಯಾಹ್ನ 2.30ಕ್ಕೆ ಡ್ರೈವರ್ ಮೂರೂ ಯಂತ್ರಗಳನ್ನು ಓಡಿಸಿ, ಸಾಲಾಗಿ ನಿಲ್ಲಿಸಿ ಹೋಗಿದ್ದ. ಸಂಜೆ ಐದಕ್ಕೆ ಗೇಟು ಮುಚ್ಚಿತ್ತು. ಅಲ್ಲಿಂದ ಬೆಳಗಿನವರೆಗೆ ಇಬ್ಬರು ಕಾವಲುಗಾರರು ಯಂತ್ರಗಳ ಪಕ್ಕದಲ್ಲೇ ಇದ್ದರು. ಅಂದರೆ ಕೃತ್ಯ ನಡೆದಿದ್ದು ಹಾಡಹಗಲಲ್ಲಿ, ಆ ಎರಡೂವರೆ ಗಂಟೆಯೊಳಗೆ, ಊರಿನ ಅರ್ಧ ಜನ ಅಲ್ಲಿದ್ದಾಗ.

ಭಾನುವಾರ ರೇಸ್ ಕೋರ್ಸನ್ನು ಕೊನೆಯ ಸಲ ಸಾರ್ವಜನಿಕರಿಗೆ ತೆರೆದಿದ್ದರು. ಎಪ್ಪತ್ತೆರಡು ವರ್ಷ ಕುದುರೆ ಓಡಿದ ಜಾಗ. ಇನ್ನು ಮುಂದೆ ಮನೆಗಳ ಬಡಾವಣೆ. ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ಕೆಲವರು ಓಟ ಮುಗಿಯುವ ಗೆರೆಯ ಹತ್ತಿರ ಹುಲ್ಲು ಕಿತ್ತು ಕರ್ಚೀಫಿನಲ್ಲಿ ಕಟ್ಟಿಕೊಂಡರು. ಒಬ್ಬ ಮುದುಕ ತಾನು ಯಾವಾಗಲೂ ಕೂರುತ್ತಿದ್ದ ಮೆಟ್ಟಿಲಲ್ಲಿ ಮೂರು ಗಂಟೆ ಸುಮ್ಮನೆ ಕೂತಿದ್ದು, ಏಳುವಾಗ ಮೆಟ್ಟಿಲನ್ನು ಕೈಯಿಂದ ಒರೆಸಿ ಹೋದನಂತೆ.

9.15ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಹೆಡ್ ಕಾನ್‌ಸ್ಟೇಬಲ್ ಬರೆದುಕೊಳ್ಳುತ್ತಿದ್ದರು. ಹದಿನೆಂಟು ವರ್ಷ ಸೇವೆಯಾದ ಹೆಂಗಸು. ಠಾಣೆಯಲ್ಲಿ ಎಲ್ಲರಿಗೂ ಮೇಡಂ. ಡ್ರೈವರ್ ಟ್ಯಾಂಕಿನ ತಳದಿಂದ ಗಸಿ ಇಳಿಸಿಕೊಟ್ಟ. ಮೇಡಂ ಅದನ್ನು ಬಿಳಿ ಕಾಗದದ ಮೇಲೆ ಹರಡಿದರು.

“ಈ ಕೆಲಸಕ್ಕೆ ಯಾವ ಮರಳು ತರಿಸಿದ್ದೀರಿ?”

ಮೇಲ್ವಿಚಾರಕ ದೂರದ ಗುಡ್ಡೆ ತೋರಿಸಿದ. ಕಪ್ಪು ಕಲ್ಲುಪುಡಿ, ಹರಳುಗಳಿಗೆ ಚೂಪು ಮೂಲೆ. ಕಾಗದದ ಮೇಲಿದ್ದದ್ದು ಕೆಂಚು ಬಣ್ಣದ, ಉರುಟಾದ, ಒಂದೇ ಗಾತ್ರಕ್ಕೆ ಜರಡಿ ಹಿಡಿದ ಹೊಳೆಮರಳು. ಅದರ ನಡುವೆ ಉಗುರಿನ ಸೀಳಿನಂಥ ಏನೋ ಅಂಟಿಕೊಂಡಿತ್ತು. ಮೇಡಂ ಪಿನ್ನಿನ ತುದಿಯಿಂದ ಎತ್ತಿ ನೋಡಿದರು.

“ಬೀಜ ಸಾರ್. ಹುಲ್ಲಿನ ಬೀಜ.”

ಯಂತ್ರಗಳಿಂದ ಓಟದ ದಾರಿಗೆ ಹತ್ತು ಹೆಜ್ಜೆ. ಶನಿವಾರ ಬುಲ್ಡೋಜರ್ ಒಂದು ಅಲ್ಲಿ ತಿರುಗಿದಾಗ ಹುಲ್ಲುಹಾಸು ಹೆಂಟೆ ಹೆಂಟೆಯಾಗಿ ಎದ್ದಿತ್ತು ಎಂದು ಡ್ರೈವರ್ ಹೇಳಿದ. ಈಗ ನೋಡಿದರೆ ಒಂದು ಹೆಂಟೆಯೂ ಎದ್ದಿರಲಿಲ್ಲ. ಪ್ರತಿಯೊಂದನ್ನೂ ಅದರದರ ಗುಳಿಗೇ ಕೂರಿಸಿ, ಸಂದಿಗೆ ಮರಳು ತುಂಬಿ, ಹಿಮ್ಮಡಿಯಿಂದ ಒತ್ತಿದ್ದರು. ಅಂಗೈ ಆಡಿಸಿದರೆ ಎಲ್ಲೂ ಏರುತಗ್ಗು ಸಿಗುತ್ತಿರಲಿಲ್ಲ.

“ಇದ್ಯಾವನಿಗೆ ತಲೆ ಕೆಟ್ಟಿತ್ತು?” ಮೇಲ್ವಿಚಾರಕ ಬೆರಗಾದ. “ನಾಳೆ ನೆಲಸಮ ಆಗೋ ಮನೇಲಿ ಕೂತು ಬಟ್ಟೆ ಇಸ್ತ್ರಿ ಮಾಡಿದ ಹಾಗಾಯ್ತು!”

ಇನ್‌ಸ್ಪೆಕ್ಟರ್ ಆ ಸಂದಿಯ ಮರಳನ್ನೂ ಒಂದು ಚಿಟಿಕೆ ತೆಗೆದು ಇನ್ನೊಂದು ಕಾಗದದಲ್ಲಿ ಹಾಕಿಸಿದರು. ಅದೇ ಬಣ್ಣ, ಅದೇ ಗಾತ್ರ, ಅದೇ ಬೀಜ. ಎರಡೂ ಪೊಟ್ಟಣಗಳಿಗೆ ಪಂಚರ ಸಹಿ ಬಿತ್ತು.

“ನಿಮಗೆ ಯಾರ ಮೇಲಾದ್ರೂ ಅನುಮಾನ ಇದೆಯಾ?”

“ಒಬ್ಬ ಕುಂಟ ಇದ್ದಾನೆ ಸಾರ್. ನಿನ್ನೆ ಬೆಳಿಗ್ಗೆಯಿಂದ ಮೂರನೇ ತಿರುವಿನ ರೇಲಿಂಗ್ ಹಿಡ್ಕೊಂಡು ನಿಂತಿದ್ದ. ಮಾತಾಡ್ಸಿದ್ರೆ ಮಾತಿಲ್ಲ. ಹಿಂದೆ ಜಾಕಿ ಆಗಿದ್ನಂತೆ. ಆ ತಿರುವಲ್ಲೇ ಕುದುರೆ ಸಮೇತ ಬಿದ್ದು ಲೈಸೆನ್ಸ್ ಕಳ್ಕೊಂಡ ಅಂತಾರೆ.”

ಹಳೆಯ ಜಾಕಿ ಈಗ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಗುಮಾಸ್ತ. 11.40ಕ್ಕೆ ಇವರು ಹೋದಾಗ ಕಿಟಕಿಯ ಹಿಂದೆ ಕೂತು ಚೀಟಿ ಹರಿಯುತ್ತಿದ್ದ. ನಲವತ್ತರ ಆಸುಪಾಸು. ಎಡ ಮೊಣಕಾಲು ಮಡಚುತ್ತಿರಲಿಲ್ಲ. ಮೇಜಿನಡಿ ಅದಕ್ಕೆಂದೇ ಒಂದು ಸ್ಟೂಲು.

“ನಿನ್ನೆ ರೇಸ್ ಕೋರ್ಸಿಗೆ ಹೋಗಿದ್ರಾ?”

“ಹೋಗಿದ್ದೆ.”

“ಎಷ್ಟು ಹೊತ್ತಿಗೆ ಹೊರಟ್ರಿ?”

“ಒಂದೂ ಹತ್ತು. ಎರಡಕ್ಕೆ ಡ್ಯೂಟಿ.”

ಅವನೇ ಚೀಟಿಗಳ ಕಟ್ಟು ಮುಂದಿಟ್ಟ. ಭಾನುವಾರ ಮಧ್ಯಾಹ್ನ 2.04ರಿಂದ ರಾತ್ರಿ ಎಂಟರವರೆಗೆ ನಲವತ್ತೊಂದು ಲಾರಿ. ಪ್ರತಿ ಚೀಟಿಯ ಮೇಲೂ ಯಂತ್ರವೇ ಮುದ್ರಿಸಿದ ಸಮಯ, ಕೆಳಗೆ ಅವನ ಸಹಿ. ಅತಿ ದೊಡ್ಡ ಬಿಡುವು ಹನ್ನೆರಡು ನಿಮಿಷ. ಆ ಕಾಲಿನಲ್ಲಿ ಹನ್ನೆರಡು ನಿಮಿಷಕ್ಕೆ ರೇಸ್ ಕೋರ್ಸಿಗೆ ಹೋಗಿ ಬರುವುದು ಸಾಧ್ಯವಿಲ್ಲ.

“ಆ ಜಾಗದ ಮೇಲೆ ನಿಮಗೆ ಸಿಟ್ಟಿರಬೇಕಲ್ಲ?”

“ಯಾಕೆ ಸಾರ್? ತಪ್ಪು ನಂದು. ತಿರುವಲ್ಲಿ ಲಗಾಮು ಒಳಗಡೆ ಎಳೆದೆ, ಕುದುರೆ ಮುಗ್ಗರಿಸ್ತು. ಅದರ ಕಾಲು ಮುರೀತು, ಅಲ್ಲೇ ಗುಂಡು ಹೊಡೆದ್ರು.”

“ಎಳೆದದ್ದು ನಿಮಗೆ ನೆನಪಿದೆಯಾ?”

“ನೆನಪಿಲ್ಲ. ವಿಚಾರಣೆಯವರು ಹೇಳಿದ್ರು. ಮಾರನೇ ದಿನ ನೆಲ ಪರೀಕ್ಷೆ ಮಾಡಿದ್ರು, ಗಟ್ಟಿ ಇತ್ತು. ನೆಲ ಸರಿ ಇದ್ರೆ ತಪ್ಪು ಸವಾರಂದೇ. ಮೊದಲು ಅವರು ಅಂದ್ರು, ಆಮೇಲೆ ಊರವರು. ಹನ್ನೊಂದು ವರ್ಷ ಆಯ್ತು, ಈಗ ನಾನೂ ಅಂತೀನಿ.”

ಇನ್‌ಸ್ಪೆಕ್ಟರ್ ಮೊಬೈಲಿನಲ್ಲಿ ತೆಗೆದ ಹುಲ್ಲುಹಾಸಿನ ಚಿತ್ರ ತೋರಿಸಿದರು. “ಹೀಗೆ ಹೆಂಟೆ ಕೂರಿಸೋರು ಯಾರು?”

ಅಲ್ಲಿಯವರೆಗೆ ಥಟ್ಟನೆ ಉತ್ತರ ಕೊಟ್ಟವನು ಈಗ ಚಿತ್ರವನ್ನೇ ನೋಡುತ್ತ ಕೂತ. ಹೊರಗೆ ಲಾರಿಯವನು ಹಾರ್ನ್ ಒತ್ತಿದ.

“ಗೊತ್ತಿಲ್ಲ,” ಎಂದ.

ಜೀಪು ಹತ್ತುವಾಗ ಮೇಡಂ ಹೇಳಿದರು: “ಗೊತ್ತಿದೆ ಸಾರ್. ಗೊತ್ತಿಲ್ಲ ಅನ್ನೋದಕ್ಕೆ ಇಷ್ಟು ಹೊತ್ತು ಬೇಡ.”

ರೇಸ್ ಕೋರ್ಸಿನ ಗೇಟಿನವನನ್ನು ಮತ್ತೆ ಕರೆಸಿದರು. ಭಾನುವಾರ ಚೀಲ, ಬಕೆಟ್ ಹಿಡಿದು ಯಾರಾದರೂ ಒಳಗೆ ಬಂದರೇ ಎಂದು ಬೆಳಿಗ್ಗೆ ಕೇಳಿದಾಗ ಯಾರೂ ಇಲ್ಲ ಎಂದಿದ್ದ. ಈಗ ಮೇಡಂ ಬೇರೆ ರೀತಿ ಕೇಳಿದರು: “ಹೊರಗಿನವರು ಬೇಡ. ಒಳಗಡೆ ಯಾರ ಕೈಯಲ್ಲಿ ಬಕೆಟ್ ಇತ್ತು?”

“ಓಟದ ದಾರಿ ಹುಲ್ಲು ನೋಡ್ಕೊಳ್ಳೋ ಮೇಸ್ತ್ರಿ ಕೈಲಿ ಬಕೆಟ್ ಇಲ್ಲದ ದಿನ ಯಾವುದು ಮೇಡಂ? ಕೆಲಸ ಹೋಗಿ ತಿಂಗಳಾಯ್ತು, ಆದ್ರೂ ದಿನಾ ಬರ್ತಾರೆ. ಅವರನ್ನ ಯಾರು ಲೆಕ್ಕಕ್ಕಿಟ್ಕೋತಾರೆ?” ಹೊರಡುತ್ತ ಸೇರಿಸಿದ: “ಆ ಜಾಕಿಗೆ ಸ್ವಂತ ಅಣ್ಣ.”

1.30. ಲಾಯದ ಹಿಂದಿನ ಸಾಮಾನು ಕೋಣೆ. ಗೋಡೆಗೆ ಸಲಿಕೆ, ಕುಂಟೆ, ನೆಲದ ಬಿಗಿ ನೋಡುವ ಅಳತೆ ಕೊರೆದ ಕಬ್ಬಿಣದ ಸಲಾಕೆ. ಮೂಲೆಯಲ್ಲಿ ಅರ್ಧ ಡ್ರಮ್ಮು ಕೆಂಚು ಮರಳು, ಹುಲ್ಲಿನ ಬೀಜ ಬೆರೆಸಿದ್ದು. ಐವತ್ತೆಂಟರ ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ.

“ಟ್ಯಾಂಕಿಗೆ ಸುರಿದದ್ದು ಇದೇ ಮರಳಾ?”

“ಹೌದು ಸಾರ್.”

“ಹೆಂಟೆ ಕೂರಿಸಿದ್ದು ಯಾಕೆ? ನಮಗೆ ಗುರುತು ಸಿಗ್ಲಿ ಅಂತಲಾ?”

“ಅದಾ?” ಮೇಸ್ತ್ರಿ ತನ್ನ ಕಾಲನ್ನೇ ನೋಡಿಕೊಂಡ. “ಬಕೆಟ್ಟಲ್ಲಿ ಸ್ವಲ್ಪ ಮರಳು ಉಳಿದಿತ್ತು. ದಾರಿ ಹರಿದಿತ್ತು. ಮುಚ್ಚದೆ ದಾಟಿ ಅಭ್ಯಾಸ ಇಲ್ಲ.”

“ಯಂತ್ರ ಕೆಡಿಸಿದ್ರೆ ರೇಸ್ ಕೋರ್ಸ್ ಉಳಿಯುತ್ತೆ ಅಂದ್ಕೊಂಡ್ರಾ?”

“ಇಲ್ಲ. ಎರಡು ದಿನ ನಿಂತ್ರೆ ಸಾಕಿತ್ತು. ಇವತ್ತು ಮೂರನೇ ತಿರುವಿಂದ ಶುರು ಮಾಡೋರಿದ್ರು.” ಅವನು ಜೇಬಿನಿಂದ ಮೂರು ಕಾಗದ ತೆಗೆದ. ರೇಸ್ ಸಮಿತಿಗೆ, ನಗರಸಭೆಗೆ, ಗುತ್ತಿಗೆ ಕಂಪನಿಗೆ ಬರೆದ ಅರ್ಜಿಗಳ ನಕಲು. ಮೂರರಲ್ಲೂ ಒಂದೇ ಮಾತು: ಕೆಡವುವ ಮೊದಲು ಮೂರನೇ ತಿರುವನ್ನು ಸಾಕ್ಷಿಗಳೆದುರು ಅಗೆಯಬೇಕು. “ಯಾರೂ ಉತ್ತರ ಕೊಡಲಿಲ್ಲ. ಪೊಲೀಸರು ಬಂದ್ರೆ ಪಂಚನಾಮೆ ಮಾಡ್ತಾರೆ ಅಂತ ಗೊತ್ತಿತ್ತು. ಬೆಳಿಗ್ಗೆ ನೀವು ನನ್ನ ಪಕ್ಕದಲ್ಲೇ ಹಾದುಹೋದ್ರಿ. ಹೇಳೋಣ ಅಂತ ಎದ್ದೆ. ಬಾಯಿ ಬರಲಿಲ್ಲ.”

“ಅಲ್ಲೇನಿದೆ?”

“ನೀವೇ ಅಗೆಸಿ ಸಾರ್. ನಾನು ತೆಗೆದ್ರೆ ನಾನೇ ಇಟ್ಟೆ ಅಂತಾರೆ. ಬಾಯಲ್ಲಿ ಹೇಳಿದ್ರೆ ತಮ್ಮನ ಮೇಲಿನ ಪ್ರೀತಿಗೆ ಹೇಳ್ತಾನೆ ಅಂತಾರೆ.”

2.20ಕ್ಕೆ ಎರಡನೇ ಪಂಚನಾಮೆ. ಮೂರನೇ ತಿರುವು, ಒಳಗಿನ ರೇಲಿಂಗಿನಿಂದ ಎರಡು ಮೀಟರ್. ಕಾನ್‌ಸ್ಟೇಬಲ್ ಸಲಿಕೆ ಹಿಡಿದ. ನಲವತ್ತು ಸೆಂಟಿಮೀಟರ್ ಕೆಳಗೆ ಇಟ್ಟಿಗೆ ಚೂರುಗಳು ಸಿಕ್ಕವು, ಅದರಡಿ ಜಲ್ಲಿ. ಎಪ್ಪತ್ತು ಸೆಂಟಿಮೀಟರ್ ಆಳದಲ್ಲಿ ನೀರು ಬಸಿಯುವ ಮಣ್ಣಿನ ಕೊಳವೆ, ಒಳಮುಖವಾಗಿ ಕುಸಿದದ್ದು. ಕೊಳವೆ ಒಡೆದ ಕಡೆ ನೀರು ವರ್ಷಗಟ್ಟಲೆ ಮಣ್ಣು ತೊಳೆದುಕೊಂಡು ಹೋಗಿ ಕೆಳಗೆ ಪೊಳ್ಳಾಗಿತ್ತು. ಆ ಪೊಳ್ಳನ್ನೇ ಯಾರೋ ಇಟ್ಟಿಗೆ, ಜಲ್ಲಿ ತುಂಬಿ ಗಟ್ಟಿ ಮಾಡಿದ್ದರು. ಇಟ್ಟಿಗೆಗಳ ನಡುವೆ ಮಡಿಸಿ ತುರುಕಿದ್ದ ಪ್ಲಾಸ್ಟಿಕ್ ಸಿಮೆಂಟ್ ಚೀಲ ಕೊಳೆತಿರಲಿಲ್ಲ. ಮೇಡಂ ಮಣ್ಣು ಒರೆಸಿ, ತಯಾರಾದ ವಾರ, ತಿಂಗಳು, ವರ್ಷ ಓದಿದರು. ಜಾಕಿ ಬಿದ್ದ ದಿನಕ್ಕಿಂತ ಐದು ವಾರ ಹಿಂದಿನದು; ಪೊಳ್ಳು ತುಂಬಿದ್ದು ಅದಕ್ಕಿಂತ ಮೊದಲಲ್ಲ.

“ತುಂಬಿದ್ದು ಯಾರು?”

“ನಾನು. ಬಿದ್ದ ದಿನ ಸಾಯಂಕಾಲ. ತಮ್ಮನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರು. ಮಾರನೇ ದಿನ ನೆಲ ಪರೀಕ್ಷೆ ಅಂದ್ರು. ಹೆದರಿಕೆ ಆಯ್ತು.”

“ಪೊಳ್ಳಿದೆ ಅಂತ ಮುಂಚೆ ಗೊತ್ತಿತ್ತಾ?”

ಮೇಸ್ತ್ರಿ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತ. “ಅವತ್ತು ಬೆಳಿಗ್ಗೆ ಸಲಾಕೆ ಇಲ್ಲಿ ಹಿಡಿವರೆಗೂ ಇಳೀತು. ಮಧ್ಯಾಹ್ನ ವರ್ಷದ ದೊಡ್ಡ ಪಂದ್ಯ. ಜನ ಆಗಲೇ ಗೇಟಲ್ಲಿ ಸೇರಿದ್ರು. ಮೇಲಿಂದ ಹೆಂಟೆ ಕೂರಿಸಿ ಮರಳು ಒತ್ತಿದೆ. ನೋಡೋಕೆ ಚೆನ್ನಾಗೇ ಇತ್ತು. ಒಂದು ದಿನ ತಡೆಯುತ್ತೆ ಅಂದ್ಕೊಂಡೆ. ಪುಸ್ತಕದಲ್ಲಿ ಹಿಂದಿನ ದಿನದ ಅಳತೇನೇ ಬರೆದೆ.”

ಮೇಡಂ ಬರೆಯುವುದನ್ನು ನಿಲ್ಲಿಸಿ ಇನ್‌ಸ್ಪೆಕ್ಟರ್ ಮುಖ ನೋಡಿದರು. “ಬರ್ಕೊಳ್ಳಿ,” ಎಂದರು ಅವರು. “ಅವರು ಹೇಳಿದ ಹಾಗೇ.”

ಸಂಜೆ 4.40ಕ್ಕೆ ದಸ್ತಗಿರಿ. ಯಂತ್ರಗಳಿಗೆ ಹಾನಿ ಮಾಡಿದ ಆರೋಪ. ಹನ್ನೊಂದು ವರ್ಷದ ಹಿಂದಿನ ಸುಳ್ಳು ಅಳತೆಯ ಬಗ್ಗೆ ಪ್ರತ್ಯೇಕ ವರದಿ ಹೋಗಬೇಕಿತ್ತು. ಮೇಲ್ವಿಚಾರಕ ಫೋನ್ ಮಾಡಿ ಕೆಲಸ ಯಾವಾಗ ಶುರು ಮಾಡಬಹುದು ಎಂದು ಕೇಳಿದ. ಮೂರನೇ ತಿರುವಿನ ಸುತ್ತ ಹತ್ತು ಮೀಟರ್ ಬಿಟ್ಟು ಎಲ್ಲಿ ಬೇಕಾದರೂ ಶುರು ಮಾಡಿ ಎಂದರು ಇನ್‌ಸ್ಪೆಕ್ಟರ್.

ಐದೂವರೆಗೆ ಜಾಕಿ ಠಾಣೆಗೆ ಬಂದ. ಇನ್‌ಸ್ಪೆಕ್ಟರ್ ಪಂಚನಾಮೆಯನ್ನು ಅವನ ಕೈಗೆ ಕೊಟ್ಟರು. ಅವನು ನಿಂತೇ ಓದಿದ. ಎರಡನೇ ಪುಟವನ್ನು ಮತ್ತೊಮ್ಮೆ ಓದಿದ. ಬೆಂಚಿನ ಮೇಲಿದ್ದ ಅಣ್ಣ ತಲೆ ಎತ್ತಲಿಲ್ಲ.

“ಅಣ್ಣ, ಕುದುರೆ ಕಾಲು ಇಳಿದದ್ದು ನಾನು ಎಳೆಯೋಕೆ ಮುಂಚೆನಾ?”

“ನೀನು ಎಳೀಲೇ ಇಲ್ಲ ಕಣೋ. ನಾನು ರೇಲಿಂಗ್ ಹತ್ರಾನೇ ನಿಂತಿದ್ದೆ. ನೋಡಿದೆ.”

“ನಿನ್ನ ಪಕ್ಕ ಕೂತು ದಿನಾ ಊಟ ಮಾಡಿದ್ದೀನಿ.”

“ಹೂಂ.”

“ನನ್ನ ಕೈಯಿಂದ ಒಂದು ಜೀವ ಹೋಯ್ತು ಅಂತ ನಿನ್ನ ಮುಂದೇನೇ ಅತ್ತಿದ್ದೀನಿ.”

ಜಾಕಿ ಕಾಗದ ಮಡಿಸಿ ಮೇಜಿನ ಮೇಲಿಟ್ಟ. ಜಾಮೀನಿಗೆ ಸಹಿ ಹಾಕುವಿರಾ ಎಂದು ಮೇಡಂ ಮೆಲ್ಲಗೆ ಕೇಳಿದರು.

“ಇವತ್ತು ಆಗಲ್ಲ ಮೇಡಂ,” ಎಂದ. ಬಾಗಿಲವರೆಗೆ ಹೋಗಿ ನಿಂತ. “ಅಣ್ಣಂಗೆ ಸಕ್ಕರೆ ಕಾಯಿಲೆ. ಎಂಟು ಗಂಟೆಯೊಳಗೆ ಏನಾದ್ರೂ ತಿನ್ನಬೇಕು. ಕೊಡ್ತೀರಲ್ಲ?”

“ಕೊಡ್ತೀವಿ.”

ಅವನು ಹೋದ ಮೇಲೆ ಇನ್‌ಸ್ಪೆಕ್ಟರ್ ಕೇಸ್ ಡೈರಿ ತೆರೆದರು. ಕೃತ್ಯದ ಉದ್ದೇಶ ಎಂಬಲ್ಲಿ ಮೊದಲು ‘ಕೆಲಸಕ್ಕೆ ಅಡ್ಡಿ’ ಎಂದು ಬರೆದು, ಹೊಡೆದು ಹಾಕಿದರು. ಮತ್ತೆ ಬರೆದರು: ‘ಆರೋಪಿಗೆ ಯಂತ್ರಗಳ ಮೇಲೆ ದ್ವೇಷವಿರಲಿಲ್ಲ. ತಮ್ಮನು ನಿರಪರಾಧಿ ಎಂಬುದಕ್ಕೆ ಇದ್ದ ಒಂದೇ ಸಾಕ್ಷ್ಯ ಆ ನೆಲದಲ್ಲಿತ್ತು. ಅದು ಆರೋಪಿಯ ಸ್ವಂತ ಅಪರಾಧಕ್ಕೂ ಸಾಕ್ಷ್ಯವಾಗಿತ್ತು. ಅದು ನಾಶವಾಗುವ ಮುನ್ನ ದಾಖಲಾಗಲಿ ಎಂಬುದೇ ಉದ್ದೇಶ.’

ಕೆಳಗೆ ಸಮಯ ಹಾಕಿದರು: 6.10. ಸಹಿ ಮಾಡಿ, ಕಾನ್‌ಸ್ಟೇಬಲ್‌ನನ್ನು ಕರೆದು ಊಟ ತರಲು ಕಳಿಸಿದರು.