ಅವನ ಹೆಸರಿನ ಮುಂದಿನ ಸೊನ್ನೆ

"ಹದಿನಾರು ವರ್ಷ, ಮೇಡಮ್. ಸೊನ್ನೆ."

ಬಾಗಿಲು ತಟ್ಟದೆ ಒಳಗೆ ಬಂದವನು ಒಂದು ಹಾಳೆಯನ್ನು ನನ್ನ ಕೀಬೋರ್ಡಿನ ಮೇಲೆ ಎಸೆದ. ನಾಲ್ಕು ವರ್ಷದ ಪರಿಚಯದಲ್ಲಿ ಅವನು ನನ್ನನ್ನು ಮೇಡಮ್ ಎಂದದ್ದು ಅದೇ ಮೊದಲು.

ಅವನನ್ನು ಎಲ್ಲರೂ ಗೋಡೆ ಎನ್ನುತ್ತಾರೆ. ನಮ್ಮ ಫುಟ್‌ಬಾಲ್ ಕ್ಲಬ್ಬಿನ ಡಿಫೆಂಡರ್; ಅವನನ್ನು ದಾಟಿ ಚೆಂಡು ಒಯ್ಯುವುದು ಹುಡುಗಾಟದ ಮಾತಲ್ಲ. ಹನ್ನೊಂದನೇ ವಯಸ್ಸಿಗೆ ಈ ಮೈದಾನಕ್ಕೆ ಬಂದವನು ಇಲ್ಲೇ ಬೆಳೆದ. ನಾನು ಅದೇ ಕ್ಲಬ್ಬಿನ ಲೆಕ್ಕದವಳು.

ಹಾಳೆ ನನ್ನದೇ. ಎಡಗಡೆ ಆಟಗಾರರ ಹೆಸರು, ಬಲಗಡೆ ಮೊತ್ತ. ಹೋದ ವರ್ಷ ತಂದ ಸ್ಟ್ರೈಕರ್, ಇವತ್ತಿನವರೆಗೆ ಒಂದೂ ಗೋಲು ಹೊಡೆಯದ ಪುಣ್ಯಾತ್ಮ, ಎಂಟು ಕೋಟಿ. ಮೊಣಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿರುವವನು, ಮೂರು ಕೋಟಿ. ಗೋಡೆ, ಸೊನ್ನೆ.

"ಇದು ನಿನ್ನ ಕೈಗೆ ಹೇಗೆ ಬಂತು?"

"ಅಧ್ಯಕ್ಷರು ಕೊಟ್ರು. 'ನೋಡಪ್ಪಾ, ನಮ್ಮ ಲೆಕ್ಕದವಳೇ ಬರ್ದಿದ್ದಾಳೆ, ನಿಂಗೆ ಇಲ್ಲಿ ಬೆಲೆ ಇಲ್ಲ. ಬೇರೆ ಕ್ಲಬ್ಬಿನೋರು ಏಳು ಕೋಟಿ ಕೊಡ್ತಾರಂತೆ. ಐದು ಗಂಟೆ ಒಳಗೆ ಸಹಿ ಹಾಕಿ ಹೊರಡು' ಅಂದ್ರು."

"ನೀನು ನಂಬಿದೆ?"

"ಕೆಳಗೆ ನಿನ್ನ ಸಹಿ ಇದೆ. ನಂಬದೆ ಏನ್ ಮಾಡ್ಲಿ?"

ಅವನು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಅದಕ್ಕಿಂತ ಕಪಾಳಕ್ಕೆ ಬಾರಿಸಿದ್ದರೆ ವಾಸಿಯಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಹಾಳೆ ಎತ್ತಿಕೊಂಡು ಹೊರಟೇ ಹೋದ.

ಆಟಗಾರರನ್ನು ಕೊಳ್ಳುವ, ಮಾರುವ ಅವಧಿ ಅಂದು ಸಂಜೆ ಐದಕ್ಕೆ ಮುಗಿಯುತ್ತಿತ್ತು. ಆಮೇಲೆ ಐದು ತಿಂಗಳು ಯಾರೂ ಬರುವ ಹಾಗಿಲ್ಲ, ಹೋಗುವ ಹಾಗಿಲ್ಲ. ಗಂಟೆ ನಾಲ್ಕು ಹೊಡೆದಾಗಿತ್ತು. ಮೈಯೆಲ್ಲ ಉರಿಯುತ್ತಿತ್ತು. ನೇರ ಅಧ್ಯಕ್ಷರ ಕೋಣೆಗೆ ನಡೆದೆ.

ಅವರು ಫೋನಿನಲ್ಲಿದ್ದರು. ಮೇಜಿನ ಮೇಲೆ ಹೊಸ ಜೆರ್ಸಿ, ಬೆನ್ನಿಗೆ ಇನ್ನೂ ಬಾರದ ಸ್ಟಾರ್ ಒಬ್ಬನ ಹೆಸರು. ಹುಟ್ಟದ ಮಗುವಿಗೆ ಕುಲಾವಿ.

"ಸೊನ್ನೆ ಅಂದ್ರೆ ಏನು ಅಂತ ನಿಮಗೆ ಗೊತ್ತು ಸರ್."

"ನಂಗೆ ಗೊತ್ತಮ್ಮ. ಅವನಿಗೆ ಗೊತ್ತಿಲ್ಲ." ನಕ್ಕರು. "ಎರಡು ವರ್ಷದ ಹಿಂದೆ ಇದೇ ಕುರ್ಚಿ ಎದುರು ನಿಂತು ಪಾಠ ಹೇಳಿಕೊಟ್ಟೋಳು ನೀನೇ ಅಲ್ವಾ?"

ನಾನೇ. ನೂರು ಆದಾಯ ಬಂದರೆ ಆಟಗಾರರ ಮೇಲೆ ಎಪ್ಪತ್ತಕ್ಕಿಂತ ಹೆಚ್ಚು ಸುರಿಯಬಾರದು ಎಂಬ ಲೀಗಿನ ನಿಯಮವನ್ನು, ಮೀರಿದರೆ ಪಾಯಿಂಟ್ ಕತ್ತರಿಸುತ್ತಾರೆ ಎಂಬುದನ್ನು, ದೊಡ್ಡ ಜಾಣೆಯ ಹಾಗೆ ಬಿಡಿಸಿ ಹೇಳಿದ್ದೆ. ಮಾರಿ ಬಂದ ಲಾಭವೂ ಆದಾಯಕ್ಕೇ ಸೇರುವುದರಿಂದ, ಯಾರನ್ನು ಮಾರಿದರೆ ಲೆಕ್ಕ ಬೇಗ ನೇರಾಗುತ್ತದೆ ಎಂಬುದನ್ನೂ. ಆ ದಿನದ ನನ್ನ ನಾಲಿಗೆಯನ್ನು ಕಿತ್ತು ಬಿಸಾಡಬೇಕು ಅನ್ನಿಸಿತು.

"ಹೊಸಬ ಬರದೇ ಇದ್ರೆ ಯಾರನ್ನೂ ಮಾರೋ ಅಗತ್ಯ ಇಲ್ಲ ಸರ್. ನಾವು ಮಿತಿ ಒಳಗೇ ಇದ್ದೀವಿ."

"ಜನಕ್ಕೆ ಹೊಸ ಮುಖ ಬೇಕು ಕಣಮ್ಮ. ಹಿತ್ತಲ ಗಿಡ ಮದ್ದಲ್ಲ." ಫೋನನ್ನು ಮತ್ತೆ ಕಿವಿಗೆ ಹಚ್ಚಿಕೊಂಡರು. "ಅವನು ಸಹಿ ಹಾಕ್ತಾನೆ. ಸಿಟ್ಟಲ್ಲಿರೋರು ಬೇಗ ಸಹಿ ಹಾಕ್ತಾರೆ."

ಎಲ್ಲಾ ಕಡೆ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಬಟ್ಟೆ ಕೋಣೆಯಲ್ಲಿ. ಅಲ್ಲಿ ತಂಡದ ಜೆರ್ಸಿ ಒಗೆದು ಮಡಿಸುವವರು ಅವನ ಚಿಕ್ಕಮ್ಮ. ಅವನನ್ನು ಮೊದಲು ಕೈಹಿಡಿದು ಮೈದಾನಕ್ಕೆ ತಂದವರೂ ಅವರೇ.

"ಪೆನ್ನು ಕೇಳ್ದ. ಕೊಡ್ಲಿಲ್ಲ," ಎಂದರು ಚಿಕ್ಕಮ್ಮ, ಕಾಲುಚೀಲಗಳನ್ನು ಜೋಡಿ ಮಾಡುತ್ತ. "ನನ್ ಹತ್ರ ಇರೋದು ಬಟ್ಟೆಗೆ ಗುರುತು ಹಾಕೋ ಮಾರ್ಕರು. ಅದರಲ್ಲಿ ಹಾಕಿದ್ರೆ ಜನ್ಮದಲ್ಲಿ ಅಳಿಸಲ್ಲ ಕಣೋ ಅಂದೆ. ಮಾತಾಡಮ್ಮ ಇವನ ಹತ್ರ. ನನ್ ಮಾತಂತೂ ಗೋಡೆಗೆ ಹೇಳಿದ ಹಾಗೇ." ಬುಟ್ಟಿ ಸೊಂಟಕ್ಕೇರಿಸಿಕೊಂಡು ಹೋಗುವಾಗ ಹೊರಗಿನಿಂದ ಬಾಗಿಲು ಎಳೆದುಕೊಂಡರು.

ಅವನು ಬೆಂಚಿನ ಮೇಲೆ ಕುಳಿತಿದ್ದ. ಮೊಣಕಾಲ ಮೇಲೆ ಕರಾರಿನ ಮೂರು ಪ್ರತಿ. ಎಲ್ಲಿಂದಲೋ ಪೆನ್ನೂ ಸಿಕ್ಕಿತ್ತು.

"ವಿವರಿಸೋಕೆ ಬಂದ್ರಾ ಮೇಡಮ್?"

"ಇಲ್ಲ. ಬೈಯೋಕೆ ಬಂದೆ. ಹದಿನಾರು ವರ್ಷ ಈ ಕ್ಲಬ್ಬಲ್ಲಿ ಮಣ್ಣು ಹೊತ್ತಿದ್ದೀಯ, ಒಂದು ನಿಮಿಷ ನಿಂತು, ಇದರ ಅರ್ಥ ಏನು ಅಂತ ಕೇಳೋಕಾಗ್ಲಿಲ್ವಾ ನಿಂಗೆ?"

"ಸೊನ್ನೆಗೆ ಎಷ್ಟು ಅರ್ಥ ಇರುತ್ತೆ?"

"ಕೇಳು. ಆ ಸ್ಟ್ರೈಕರ್‌ನ ಹತ್ತು ಕೋಟಿ ಕೊಟ್ಟು ಐದು ವರ್ಷಕ್ಕೆ ತಂದ್ರು. ಲೆಕ್ಕದಲ್ಲಿ ವರ್ಷಕ್ಕೆ ಎರಡೆರಡು ಕೋಟಿ ಸವೀತಾನೆ. ಒಂದು ವರ್ಷ ಆಯ್ತು, ಇನ್ನು ಎಂಟು ಉಳಿದಿದೆ. ಅದು ಅವನ ಬೆಲೆ ಅಲ್ಲ, ಇವರು ಸುರಿದ ಹಣದಲ್ಲಿ ಇನ್ನೂ ಸವೀಬೇಕಾದ್ದು. ಒಂಬತ್ತಕ್ಕೆ ಮಾರಿದ್ರೆ ಲಾಭ ಒಂದೇ ಕೋಟಿ. ನಿನ್ನ ಯಾರು ಕೊಂಡ್ರು? ನಿನ್ನ ಚಿಕ್ಕಮ್ಮ ಕೈಹಿಡಿದು ಕರ್ಕೊಂಡ್ ಬಂದ್ರು. ನಿನ್ನ ತರೋಕೆ ಇವರು ಯಾರಿಗೂ ಬಿಡಿಗಾಸೂ ಕೊಟ್ಟಿಲ್ಲ. ಅದಕ್ಕೆ ಸೊನ್ನೆ. ಅದಕ್ಕೇ ನಿನ್ನ ಏಳಕ್ಕೆ ಮಾರಿದ್ರೆ ಏಳಕ್ಕೆ ಏಳೂ ಲಾಭ."

ಅವನು ಕರಾರಿನ ಪ್ರತಿಗಳನ್ನು ಮಗುಚಿ ಹಾಕಿದ. ದವಡೆ ಬಿಗಿದಿತ್ತು.

"ಅಂದ್ರೆ ನಾನು ಇಲ್ಲಿಯವನೇ ಅನ್ನೋ ಒಂದೇ ಕಾರಣಕ್ಕೆ ನನ್ನನ್ನ ಹೊರಗೆ ಹಾಕ್ತಿದ್ದಾರೆ."

"ಹೌದು."

"ಇದು ನಿಂಗೆ ಗೊತ್ತಿತ್ತು."

"ಪಟ್ಟಿ ಕೇಳಿದ್ರು, ಕೊಟ್ಟೆ. ಪ್ರತಿ ವರ್ಷ ಕೊಡ್ತೀನಿ. ಅದನ್ನ ನಿನ್ನ ಕತ್ತಿಗೆ ಹಿಡೀತಾರೆ ಅಂತ ಗೊತ್ತಿರ್ಲಿಲ್ಲ. ಗೊತ್ತಾಗ್ಬೇಕಿತ್ತು. ಅದಕ್ಕೆ ನನ್ನ ಮೇಲೂ ಸಿಟ್ಟಿದೆ. ಆದ್ರೆ ನಿನ್ನ ಮೇಲೆ ಜಾಸ್ತಿ."

ತಂಡದ ಮ್ಯಾನೇಜರ್ ಹೊರಗಿನಿಂದ ಬಾಗಿಲು ಬಡಿದರು. "ಗೋಡೆ, ಇನ್ನು ಹನ್ನೆರಡೇ ನಿಮಿಷ. ಕಾಗದ ಕೊಡಪ್ಪ."

"ಬಂದೆ ಸರ್," ಎಂದ. ಎದ್ದ. ಏಳಲಿಲ್ಲ ಎನ್ನುವಷ್ಟು ನಿಧಾನವಾಗಿ ಎದ್ದ. "ಕ್ಲಬ್ಬಿಗೆ ಏಳಕ್ಕೆ ಏಳೂ ಲಾಭ. ನಿಂಗೆ?"

ನಾನು ಮೊಳೆಗಳಿಗೆ ತೂಗುಹಾಕಿದ್ದ ಜೆರ್ಸಿಗಳ ಕಡೆ ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದ. ಆ ನೋಟ ನನ್ನ ಕಿವಿಯ ಮೇಲೆ, ಕೆನ್ನೆಯ ಮೇಲೆ ಬಿದ್ದದ್ದು ತಿರುಗದೆಯೇ ಗೊತ್ತಾಗುತ್ತಿತ್ತು. ಅದೂ ಸಿಟ್ಟು ತರಿಸಿತು.

"ನಾಚಿಕೆ ಆಗ್ಬೇಕು ನಿಂಗೆ ಹಾಗೆ ಕೇಳೋಕೆ," ಎಂದೆ. "ನಿನ್ನ ಬೂಟಿನ ಬಿಲ್ಲನ್ನ ಎಷ್ಟು ಸಲ ವಾಪಸ್ ಕಳ್ಸಿದ್ದೀನಿ?"

"ಪ್ರತಿ ಸಲ ಮೂರು ಬಾರಿ. ತಾರೀಕು ಇಲ್ಲ, ಅಂಗಡಿ ಮುದ್ರೆ ಇಲ್ಲ, ಮಡಿಕೆ ಸರಿ ಇಲ್ಲ."

"ಎಲ್ಲಾ ಸರಿ ಇರ್ತಿತ್ತು. ಮೊದಲನೇ ಸಲವೇ ಸರಿ ಇರ್ತಿತ್ತು."

ಅವನ ಮುಖದಲ್ಲಿ ಏನೋ ಸಡಿಲಾಯಿತು. ಒಂದು ಹುಬ್ಬು ಮೇಲೇರಿತು, ಇಳಿಯಿತು.

"ಮೇಜಿನ ಮೂಲೇಲಿ ಕೂತ್ಕೊಂಡು ನೀನು ಆ ಬೂಟಿನ ಅಂಗಡಿಯವನನ್ನ ಅಣಕಿಸ್ತಾ ಮಾತಾಡ್ತಿದ್ರೆ ನಂಗೆ ಕೂಡೋದು ಕಳೆಯೋದು ಮರೆತು ಹೋಗ್ತಿತ್ತು. ಎರಡು ವಿಮಾನ ಬದಲಾಯಿಸ್ಕೊಂಡು ಹೋಗೋ ಊರಿಗೆ ನಿನ್ನ ಮಾರೋ ಪಟ್ಟಿಗೆ ನಾನೇ ಸಹಿ ಹಾಕಿದ್ದೀನಿ, ಅದರ ಮೇಲೆ ನಂಗೆ ಲಾಭ ಎಷ್ಟು ಅಂತ ಬೇರೆ ಕೇಳ್ತೀಯ. ಕಲ್ಲು ನೀನು. ಗೋಡೆ ಅಂತ ಸುಮ್ನೆ ಹೆಸರಿಟ್ಟಿಲ್ಲ."

"ಇನ್ನೇನು?"

"ಇನ್ನೇನು ಅಂದ್ರೆ?"

"ಇನ್ನೇನೇನು ಬೈಬೇಕು ಅಂತಿದ್ದೀಯ, ಎಲ್ಲಾ ಬೈದುಬಿಡು."

ಬೈದೆ. ಗಾಯವಾದಾಗ ಮುಚ್ಚಿಟ್ಟದ್ದಕ್ಕೆ ಬೈದೆ. ಗೆದ್ದ ದಿನ ಎಲ್ಲರನ್ನೂ ಅಪ್ಪಿಕೊಂಡು ನನಗೆ ಮಾತ್ರ ಕೈಕುಲುಕಿದ್ದಕ್ಕೆ ಬೈದೆ. ಹೊರಗೆ ಮ್ಯಾನೇಜರ್ ಮತ್ತೆರಡು ಸಲ ಬಡಿದರು. ಅವನು ಎರಡು ಸಲವೂ "ಬಂದೆ ಸರ್" ಎಂದ, ಮತ್ತೆ ನನ್ನ ಕಡೆ ತಿರುಗಿ, "ಕೈಕುಲುಕಿದಾಗ ಬಿಡೋಕೆ ನಾನು ಎಷ್ಟು ಹೊತ್ತು ತಗೊಂಡೆ, ಅದು ನೆನಪಿಲ್ವಾ?" ಎಂದ. ಅದಕ್ಕೂ ಬೈದೆ.

ಬಾಗಿಲು ತೆರೆದಾಗ ಅಲ್ಲಿ ಅಧ್ಯಕ್ಷರೇ ನಿಂತಿದ್ದರು. ಸಹಿಯಿಲ್ಲದ ಕಾಗದ ನೋಡಿದರು, ಕೈಗಡಿಯಾರ ನೋಡಿದರು, ನನ್ನನ್ನು ನೋಡಿದರು.

"ಐದು ಹೊಡೆದು ನಾಲ್ಕು ನಿಮಿಷ," ಎಂದರು. "ಇನ್ನು ಆಟ ಇಲ್ಲ, ವರ್ಷಪೂರ್ತಿ ಬೆಂಚು ಕಾಯಿ ನೀನು. ಮತ್ತೆ ನೀನಮ್ಮ, ನಾಳೆಯಿಂದ ನಾನು ಬೇರೆ ಲೆಕ್ಕದವರನ್ನ ಹುಡುಕ್ತೀನಿ."

"ಹುಡುಕಿ ಸರ್. ಅವರೂ ಎಪ್ಪತ್ತನ್ನ ಎಪ್ಪತ್ತು ಅಂತಲೇ ಬರೀತಾರೆ."

ಅವರ ಹೆಜ್ಜೆ ಸದ್ದು ಕಾರಿಡಾರಿನ ತುದಿಯವರೆಗೆ ಕೇಳಿಸಿತು.

"ಐದಾಗಿದ್ದು ನಿಂಗೆ ಗೊತ್ತಾಗ್ಲಿಲ್ವಾ?" ಎಂದು ಕೇಳಿದೆ.

"ನಿನ್ನ ತಲೆ ಹಿಂದೆಯೇ ಗಡಿಯಾರ ಇದೆ. ಹನ್ನೆರಡು ನಿಮಿಷವೂ ಅದನ್ನೇ ನೋಡ್ತಿದ್ದೆ." ಕಾಗದಗಳನ್ನು ಬೆಂಚಿನ ಮೇಲಿಟ್ಟ. "ಎಲ್ಲಿ ಬೈಯೋದು ನಿಲ್ಲಿಸ್ತೀಯೋ ಅಂತ ಹೆದರಿಕೆ ಆಗಿತ್ತು."

ಸಿಟ್ಟು ಇನ್ನೂ ಇಳಿದಿರಲಿಲ್ಲ. ಇಳಿಯಲಿ ಎಂದು ಕಾಯುವ ವ್ಯವಧಾನವೂ ಇರಲಿಲ್ಲ. ಅವನ ಅಂಗಿಯನ್ನು ಎದೆಯ ಹತ್ತಿರ ಮುಷ್ಟಿಯಲ್ಲಿ ಹಿಡಿದು ಎಳೆದುಕೊಂಡೆ. ಗೋಡೆ ಎನ್ನುತ್ತಾರೆ ಜನ; ಒಂದೇ ಎಳೆತಕ್ಕೆ ಬಂದ.