ಮೇಸ್ತ್ರಿಯ ಕೊನೆಯ ಗಿರಾಕಿ

"ಕಳ್ಳ ಇದ್ದಾನೆ! ಈ ಮನೆಯೊಳಗೇ ಕಳ್ಳ ಸೇರ್ಕೊಂಡಿದ್ದಾನೆ!"

ಹಿತ್ತಲ ಶೆಡ್ಡಿನಿಂದ ಮಾವನ ಕೂಗು ಸೊಸೆಗೆ ಕೇಳಿಸಿತು. ಒಗೆಯುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಒದ್ದೆ ಕೈಯಲ್ಲೇ ಓಡಿದಳು. ಮಾವ, ತಾವೇ ಕುಮಾರಿ, ಅಜ್ಜಿ ಎಂದು ಹೆಸರಿಟ್ಟಿದ್ದ ಎರಡು ಮೋಟಾರ್ ಸೈಕಲ್ಲುಗಳ ನಡುವೆ ಸ್ಪ್ಯಾನರ್ ಹಿಡಿದು ನಿಂತಿದ್ದರು.

"ನಿನ್ನೆ ನನ್ನ ಕೈಯಾರೆ ಕಾರ್ಬ್ಯುರೇಟರ್ ಬಿಚ್ಚಿ ಕುಮಾರಿಗೆ ಹಾಕಿದ್ದೆ. ಈಗ ನೋಡು, ವಾಪಸ್ ಅಜ್ಜಿ ಹತ್ರ ಹೋಗಿ ಕೂತಿದೆ! ಅದಕ್ಕೇನು ಕಾಲು ಬಂತಾ? ಹಗಲೆಲ್ಲ ಮನೇಲಿರೋಳು ನೀನು. ಯಾಕಮ್ಮಾ ಹೀಗೆ ಮಾಡ್ದೆ? ನಾನು ನಿನಗೇನು ಅನ್ಯಾಯ ಮಾಡಿದ್ದೆ?"

"ಮಾವ, ನಾನು ಅದನ್ನ ಮುಟ್ಟೇ ಇಲ್ಲ..."

"ಹಾಗಾದ್ರೆ ಈ ನಟ್ಟು ನೋಡು! ಇಕ್ಕಳ ಹಾಕಿ ತಿರುಗಿಸಿ ಮೂಲೆಯೆಲ್ಲ ಸವೆಸಿಟ್ಟಿದ್ದಾರೆ. ಇಕ್ಕಳದಲ್ಲಿ ನಟ್ಟು ಬಿಚ್ಚೋನು ಮೆಕ್ಯಾನಿಕ್ ಅಲ್ಲ, ಕಟುಕ! ಇದು ನನ್ನ ಕೈ ಅಲ್ಲ... ನನ್ನ ಕೈ ಅಲ್ಲವೇ ಅಲ್ಲ!"

ಹಿಂದೆಯೇ ಬಂದ ಅತ್ತೆ, ಸುಮ್ಮನಿರು ಎಂದು ಸೊಸೆಗೆ ಕಣ್ಸನ್ನೆ ಮಾಡಿದರು. "ನೀವೇ ಬಿಚ್ಚಿ ಮರೆತಿರ್ತೀರಿ, ಬಿಡಿ. ಬೆಳಿಗ್ಗೆ ಹಲ್ಲುಜ್ಜಿದ್ದು ಮರೆತು ಮತ್ತೆ ಉಜ್ಜೋಕೆ ಹೋಗಿದ್ರಿ. ಪಾಪ, ಆ ಹುಡುಗಿ ಮೇಲೆ ಯಾಕೆ ಹರಿಹಾಯ್ತೀರಿ?" ಎಂದರು. ಮಾವ ಸ್ಟೂಲಿನ ಮೇಲೆ ಕುಸಿದು ಕೂತರು.

ಮಾವ ಒಂದು ಕಾಲಕ್ಕೆ ಮೋಟಾರ್ ಸೈಕಲ್ ರಿಪೇರಿಯಲ್ಲಿ ಹೆಸರಾಂತ ಮೇಸ್ತ್ರಿ. ಕಿಕ್ ಹೊಡೆದ ಸದ್ದು ಕೇಳಿಯೇ ಗಾಡಿಯ ಕಾಯಿಲೆ ಹೇಳುತ್ತಿದ್ದವರು. ತಲೆಯೊಳಗೆ ಮರೆವು ಮನೆ ಮಾಡಿದ ಮೇಲೆ ಅಂಗಡಿ ಮುಚ್ಚಿದರು. ಸುಮ್ಮನೆ ಕೂತರೆ ಇರುವ ನೆನಪೂ ಹೋಗುತ್ತದೆ, ಕೈಗೆ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಮಗ ಎಲ್ಲೆಲ್ಲೋ ಹುಡುಕಿ ಒಂದೇ ಜಾತಿಯ ಎರಡು ಹಳೆಯ ಗಾಡಿಗಳನ್ನು ತಂದು ಶೆಡ್ಡಿಗೆ ಹಾಕಿದ. ಒಂದು ಯಾವುದೋ ಶಾಲಾ ಮಾಸ್ತರರದು. ಅವರು ಆಸೆಪಟ್ಟು ಕೊಂಡು, ಒಮ್ಮೆ ಬಿದ್ದು, ಹೆದರಿ, ಹೊದಿಕೆ ಹೊದಿಸಿ ನಿಲ್ಲಿಸಿಬಿಟ್ಟಿದ್ದರು. ಮೀಟರು ಎರಡು ಸಾವಿರವನ್ನೂ ದಾಟಿರಲಿಲ್ಲ. ಮೈಬಣ್ಣ ಹೊಸದರಂತೆ ಹೊಳೆಯುತ್ತಿತ್ತು, ಒಳಗೆ ಮಾತ್ರ ನಿಂತು ನಿಂತೇ ಎಲ್ಲ ಹಿಡಿದುಹೋಗಿತ್ತು. ಇನ್ನೊಂದು, ಹತ್ತಾರು ಕೈ ಬದಲಾಗಿ ಚಾಸಿಯ ಚೌಕಟ್ಟೇ ಬಿರುಕು ಬಿಟ್ಟ ಗಾಡಿ. ಆದರೆ ದಿನಾ ಓಡಿದ್ದರಿಂದ ಅದರ ಒಳಗಿನ ಸಾಮಾನು ಗಟ್ಟಿಯಾಗಿತ್ತು. ಮಾವ ಮೊದಲನೆಯದಕ್ಕೆ ಕುಮಾರಿ ಎಂದೂ ಎರಡನೆಯದಕ್ಕೆ ಅಜ್ಜಿ ಎಂದೂ ಹೆಸರಿಟ್ಟರು. ಅಜ್ಜಿಯ ಒಂದೊಂದೇ ಭಾಗ ಬಿಚ್ಚಿ ಕುಮಾರಿಗೆ ಜೋಡಿಸುವುದು ಕೆಲಸ. "ಅಜ್ಜಿಯಿಂದ ಕಿತ್ತು ಕಿತ್ತು ಕೊಡೋದು ಈ ಮನೇಲಿ ಹೊಸದೇನಲ್ಲ ಬಿಡು," ಎಂದು ಅತ್ತೆ ಸೊಸೆಯ ಬಳಿ ನಗುತ್ತಿದ್ದರು.

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಹೆಂಡತಿಯ ಹೆಸರಿಗೆ ತಡವರಿಸುವ ಮನುಷ್ಯ ಸ್ಪ್ಯಾನರ್ ಹಿಡಿದರೆ ಒಮ್ಮೆಯೂ ತಡವರಿಸುತ್ತಿರಲಿಲ್ಲ. ಹಿಡಿದುಹೋದ ಪಿಸ್ಟನ್ನಿಗೆ ಸೀಮೆಎಣ್ಣೆ ಕುಡಿಸಿ, ಮಗುವನ್ನು ಎಬ್ಬಿಸುವ ಹಾಗೆ ಮೆಲ್ಲಗೆ ತಟ್ಟಿ ಬಿಡಿಸಿದ ದಿನ ಅವರ ಮುಖ ನೋಡಬೇಕಿತ್ತು! "ತಲೆ ಹೋದ್ರೆ ಹೋಗ್ಲಿ ಕಣಮ್ಮಾ, ಕೈ ಇದೆಯಲ್ಲ," ಎಂದು ಸೊಸೆಗೆ ಹೇಳಿ ಎರಡೂ ಅಂಗೈ ಚಾಚಿ ತೋರಿಸಿದ್ದರು.

ಹಾಗಿದ್ದಾಗಲೇ ಒಂದು ಸಂಜೆ ಆ ಪ್ರಸಂಗ ನಡೆದದ್ದು. ನೀರಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಮಗ ಕೆಲಸ ಮುಗಿಸಿ ಶೆಡ್ಡಿನ ಬಾಗಿಲಲ್ಲಿ ನಿಂತ. ಮಾವ ಕತ್ತೆತ್ತಿ ನೋಡಿದರು. ಗುರುತು ಹತ್ತಲಿಲ್ಲ. "ಯಾರು ಸಾರ್? ಏನಾಗಬೇಕಿತ್ತು?" ಎಂದರು. ಸೊಸೆ ಅಲ್ಲೇ ಇದ್ದಳು. ಗಂಡನ ಮುಖ ಬಿಳಿಚಿಕೊಂಡದ್ದನ್ನು ಕಂಡಳು. ಆತ, "ನನ್ನ ಗಾಡಿ ಆಯ್ತಾ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ ಮೇಸ್ತ್ರಿ," ಎಂದುಬಿಟ್ಟ.

"ಓಹೋ, ನಿಮ್ಮದಾ? ಬನ್ನಿ ಬನ್ನಿ, ಕೂತ್ಕೊಳ್ಳಿ ಸಾರ್!" ಮಾವ ತಮ್ಮ ಸ್ಟೂಲನ್ನು ಬಟ್ಟೆಯಿಂದ ಒರೆಸಿ ಕೊಟ್ಟರು. ಎಂಥ ಮೃದುವಾದ ದನಿ! ಮೇಸ್ತ್ರಿಯ ಬಾಯಿ ಗಿರಾಕಿಗೆ ಸಕ್ಕರೆ, ಮನೆಯವರಿಗೆ ಕೆಂಡ ಎಂಬುದು ಬೀದಿಗೆಲ್ಲ ಗೊತ್ತಿದ್ದ ವಿಷಯ. ಮಗ ಹುಟ್ಟಿದಾಗಿನಿಂದ ದಂಡಪಿಂಡ ಎಂಬುದನ್ನು ಬಿಟ್ಟು ಬೇರೆ ಹೆಸರಿನಿಂದ ಕರೆಸಿಕೊಂಡವನಲ್ಲ. ಅಂಥವನು ಅಂದು ಕತ್ತಲಾಗುವವರೆಗೆ ಅಪ್ಪನ ಪಕ್ಕ ಕೂತು ಮಾತಾಡಿದ. ಮರುದಿನವೂ ಹೋದ. ಆಮೇಲೆ ಅದೇ ರೂಢಿಯಾಯಿತು. ಸೊಸೆಗೆ ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ಈ ಹಾಳು ಕಳ್ಳತನ ಶುರುವಾದದ್ದು, ಕುಮಾರಿ ಇನ್ನೇನು ಮುಗಿಯಿತು ಎನ್ನುವ ಹೊತ್ತಿಗೆ. ಕಾರ್ಬ್ಯುರೇಟರ್ ಆಯಿತು, ಆಮೇಲೆ ಗೇರಿನ ಲಿವರು, ಆಮೇಲೆ ಕ್ಲಚ್ಚಿನ ಕೇಬಲ್ಲು. ಹಾಕಿದ್ದೆಲ್ಲ ಮರುದಿನ ಅಜ್ಜಿಯ ಮೈಮೇಲೆ! ಮೊದಲು ಕೂಗಾಡುತ್ತಿದ್ದ ಮಾವ ಬರಬರುತ್ತ ಕೂಗುವುದನ್ನು ಬಿಟ್ಟರು. ಬೈಸಿಕೊಳ್ಳುವುದೇ ಎಷ್ಟೋ ವಾಸಿಯಿತ್ತು ಎಂದು ಸೊಸೆಗೆ ಅನ್ನಿಸಿತು. ಒಂದು ಮುಂಜಾನೆ ಅವರು ಸ್ಪ್ಯಾನರುಗಳನ್ನೆಲ್ಲ ಒರೆಸಿ ಪೆಟ್ಟಿಗೆಯೊಳಗೆ ಜೋಡಿಸುತ್ತಿದ್ದರು.

"ಯಾಕೆ ಮಾವ, ಇವತ್ತು ಕೆಲಸ ಇಲ್ವಾ?"

"ಇಕ್ಕಳದಲ್ಲಿ ನಟ್ಟು ಹಾಳು ಮಾಡ್ತಿರೋ ಕಟುಕ ನಾನೇ ಕಣಮ್ಮಾ. ಇನ್ಯಾರು ಬರ್ತಾರೆ ಇಲ್ಲಿಗೆ? ಎಲ್ಲರೂ ಹೇಳೋದು ನಿಜ. ಕೈಯೂ ಹೋಯ್ತು... ನಿನ್ನ ಮೇಲೆ ಸುಮ್ಮನೆ ಅಪವಾದ ಹಾಕಿದೆ, ಮನಸ್ಸಲ್ಲಿ ಇಟ್ಕೋಬೇಡ ತಾಯಿ..." ಎಂದು ಕೈಮುಗಿದರು. ಆ ಕೈಗಳು! ಸೊಸೆ ಅವನ್ನು ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತಳು. ಅವಳಿಂದ ಆಗುವುದು ಅಷ್ಟೇ ಇತ್ತು.

ಅಂದು ಮಧ್ಯಾಹ್ನ ಮಾವ ಮಲಗಿದ್ದರು. ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕು ಎಂದು ಮಲಗುವ ಮೊದಲು ಹೇಳಿದ್ದರು; ಅದನ್ನು ತರೋಣವೆಂದು ಸೊಸೆ ಶೆಡ್ಡಿಗೆ ಹೋದಳು. ಬಾಗಿಲು ಓರೆಯಾಗಿತ್ತು. ಒಳಗೆ, ಕಚೇರಿಯ ಅಂಗಿಯಲ್ಲೇ ಕುಮಾರಿಯ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದ ಅವಳ ಗಂಡ. ಕೈಯಲ್ಲಿ ಇಕ್ಕಳ.

"ಅಯ್ಯೋ... ನೀವಾ?"

ಇಕ್ಕಳ ಠಣ್ಣನೆ ನೆಲಕ್ಕೆ ಬಿತ್ತು. ಆತ ಎದ್ದೇಳಲೂ ಇಲ್ಲ. ಊಟದ ಬಿಡುವಿನಲ್ಲಿ ಊಟ ಬಿಟ್ಟು ಬಂದಿದ್ದನೆಂದು ಕಾಣುತ್ತದೆ.

"ಒಂದು ಮಾತೂ ಹೇಳದೆ ನನ್ನನ್ನ ಕಳ್ಳಿ ಮಾಡಿದ್ರಲ್ಲ! ಅವರು ನನ್ನನ್ನ ಬೈದಿದ್ದು ಗೊತ್ತಿದ್ದೂ ಸುಮ್ಮನಿದ್ರಲ್ಲ! ಯಾಕ್ರೀ? ಹೆತ್ತ ಅಪ್ಪನ ಮೇಲೆ ಯಾವ ಜನ್ಮದ ಹಗೆ?"

"ಹಗೆ ಅಲ್ಲ ಕಣೇ..." ಎಂದ ಆತ. "ಗಾಡಿ ಮುಗಿದುಹೋದ್ರೆ ಗಿರಾಕಿ ಮತ್ತೆ ಯಾಕೆ ಬರ್ತಾನೆ ಹೇಳು? ಅವರು ನನ್ನ ಹತ್ರ ಹೇಗೆ ಮಾತಾಡ್ತಾರೆ ನೋಡಿದ್ದೀಯಲ್ಲ. ಕೂತ್ಕೊಳ್ಳಿ ಅಂತಾರೆ. ಊಟ ಆಯ್ತಾ ಅಂತಾರೆ. ನನ್ನನ್ನ ಯಾವತ್ತಾದ್ರೂ ಊಟ ಆಯ್ತಾ ಅಂತ ಕೇಳಿದ್ರಾ? ಇನ್ನೊಂದಿಷ್ಟು ದಿನ... ಇನ್ನೊಂದಿಷ್ಟು ದಿನ ಇರ್ಲಿ ಅಂತ..."

ಸೊಸೆಯ ಸಿಟ್ಟು ಅಲ್ಲೇ ಕರಗಿತು. ಯಾರನ್ನು ಬೈಯುವುದು? ಬೈದರೆ ತಾನೇ ಏನು ಸರಿಹೋಗುತ್ತದೆ? ಆದರೂ ಬೆಳಿಗ್ಗೆ ಮುಗಿದ ಆ ಎರಡು ಕೈಗಳು ಕಣ್ಣ ಮುಂದಿನಿಂದ ಹೋಗಲಿಲ್ಲ.

"ನಿಮಗೆ ಅಪ್ಪ ಸಿಕ್ಕಿದ್ರು, ಸರಿ. ಅವರಿಗೆ ಉಳಿದಿದ್ದು ಆ ಕೈ ಒಂದೇ. ಅದನ್ನೂ ಕಿತ್ಕೊಂಡ್ರಲ್ಲ! ಇವತ್ತು ಪೆಟ್ಟಿಗೆ ಮುಚ್ಚಿದ್ದಾರೆ. ನಾನೇ ಕಟುಕ ಅಂದ್ರು... ನನಗೆ ಕೈಮುಗಿದ್ರು ಕಣ್ರೀ!"

ಆತ ಇಕ್ಕಳವನ್ನು ಎತ್ತಿ ಬದಿಗಿಟ್ಟ. ಕಚೇರಿಗೆ ಮರಳಲಿಲ್ಲ. ಅಪ್ಪ ಎದ್ದು ಬರುವ ಹೊತ್ತಿಗೆ ಶೆಡ್ಡಿನ ಬಾಗಿಲಲ್ಲಿ ಗಿರಾಕಿಯಂತೆ ಕೈಕಟ್ಟಿ ನಿಂತಿದ್ದ.

"ಮೇಸ್ತ್ರಿ, ನನ್ನದು ತಪ್ಪಾಯ್ತು. ನೀವಿಲ್ಲದಾಗ ಒಳಗೆ ಬಂದು ಬಿಚ್ತಾ ಇದ್ದವನು ನಾನೇ. ಇಕ್ಕಳ ಹಾಕಿದವನೂ ನಾನೇ."

ಮಾವ ಅವನನ್ನೇ ನೋಡಿದರು. ಸೊಸೆ ಈಗ ಹೊಡೆದೇಬಿಡುತ್ತಾರೆ ಎಂದುಕೊಂಡಳು. ಆದರೆ ಆ ಮುದುಕ ಮುಖವರಳಿಸಿ, ಒಳಮನೆಗೆ ಕೇಳುವಂತೆ ಕೂಗಿದರು: "ಕೇಳಿದ್ಯೇನೇ? ನನ್ನ ಕೈ ಅಲ್ಲ ಅಂತ ಹೇಳಿದ್ದೆ ತಾನೇ! ನನ್ನ ಕೈ ಅಲ್ಲವಂತೆ ಕಣೇ!" ಅತ್ತೆ ಓಡಿ ಬಂದು, ವಿಷಯ ತಿಳಿದು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

"ಇರ್ಲಿ ಬಿಡಿ ಸಾರ್. ಗಾಡಿ ಮೇಲಿನ ಆಸೆ, ಕೈ ತಡೆಯೋದಿಲ್ಲ," ಎಂದು ಮಾವ ಪೆಟ್ಟಿಗೆ ತೆರೆಯುತ್ತ ಹೇಳಿದರು. "ನನ್ನ ಮಗನೂ ಚಿಕ್ಕವನಿದ್ದಾಗ ಹೀಗೇ, ಇಕ್ಕಳ ಹಿಡ್ಕೊಂಡು ಬಂದು ಕೂರ್ತಿದ್ದ. ಅವನ ಕೈಗೆ ಈ ಗ್ರೀಸ್ ಹತ್ತೋದು ಬೇಡ ಅಂತ ಬೈದು ಓಡಿಸಿದೆ. ಸ್ವಲ್ಪ ಜಾಸ್ತೀನೇ ಬೈದೆ ಅಂತ ಕಾಣುತ್ತೆ... ಆಮೇಲೆ ಬರಲೇ ಇಲ್ಲ."

"ಈಗ... ಈಗೆಲ್ಲಿದ್ದಾರೆ ಮಗ?"

"ಇಲ್ಲೇ ಎಲ್ಲೋ ಇದ್ದಾನೆ. ಒಳ್ಳೇ ಹುಡುಗ."

ಮಗ ಗೋಡೆಯ ಕಡೆ ತಿರುಗಿಕೊಂಡ. ನಾನೇ ಅಪ್ಪಾ ಎಂದು ಒಂದು ಮಾತು ಹೇಳಬಾರದೇ ಎಂದು ಸೊಸೆಗೆ ಅನ್ನಿಸಿತು. ಹೇಳಿದರೆ ಈ ಮಾತೂ ನಿಂತುಹೋದರೆ? ಆತ ಹೇಳಲಿಲ್ಲ, ಅವಳೂ ಹೇಳಿಸಲಿಲ್ಲ.

ಬಿಚ್ಚಿದ್ದೆಲ್ಲ ಮತ್ತೆ ಜೋಡಿಸಿ ಮುಗಿಸುವವರೆಗೆ ಮಗ ಸ್ಪ್ಯಾನರ್ ಎತ್ತಿಕೊಡುತ್ತ, ದೀಪ ಹಿಡಿಯುತ್ತ ಪಕ್ಕದಲ್ಲೇ ಇದ್ದ. ಒಂದು ಭಾನುವಾರ ಸಂಜೆ ಮಾವ ಕಿಕ್ ಹೊಡೆದರು. ಕುಮಾರಿ ಕೆಮ್ಮಿದಳು, ಸುಮ್ಮನಾದಳು, ಇನ್ನೊಂದು ಕಿಕ್ಕಿಗೆ ಗುಡುಗುಡು ಎಂದು ಬದುಕಿಕೊಂಡಳು. ಮಾವ ಸೀಟು ಒರೆಸಿ, ಕೀಲಿಯನ್ನು ಎರಡೂ ಕೈಯಲ್ಲಿ ಮಗನಿಗೆ ಒಪ್ಪಿಸಿದರು.

"ತಗೊಂಡು ಹೋಗಿ ಸಾರ್. ನಿಲ್ಲಿಸಿಡಬೇಡಿ, ಓಡಿಸ್ತಾ ಇರಿ."

"ಇನ್ನು ಸ್ವಲ್ಪ ಹೊತ್ತು ಇಲ್ಲೇ ಇರ್ಲಿ ಮೇಸ್ತ್ರಿ..."

"ಕೆಲಸ ಮುಗಿದ ಗಾಡೀನ ಇಟ್ಕೊಂಡ್ರೆ ಮೇಸ್ತ್ರಿಗೆ ಮರ್ಯಾದೆ ಅಲ್ಲ. ಹೋಗಿ ಬನ್ನಿ."

ಮಗ ಅಮ್ಮನನ್ನು ನೋಡಿದ, ಹೆಂಡತಿಯನ್ನು ನೋಡಿದ. ತನ್ನ ಮನೆಯಿಂದ ತಾನೇ ಪರಕೀಯನಾಗಿ ಗಾಡಿ ಹತ್ತಿ ಬೀದಿ ತಿರುಗಿ ಹೋದ. ಸದ್ದು ಕರಗುವವರೆಗೂ ಮಾವ ಕಿವಿಗೊಟ್ಟು ನಿಂತಿದ್ದು, "ಚೆನ್ನಾಗಿದೆ, ಎಲ್ಲೂ ತಡವರಿಸ್ತಿಲ್ಲ," ಎಂದರು. ಆಮೇಲೆ ಕೈ ತೊಳೆದು, ಶೆಡ್ಡಿಗೆ ಬೀಗ ಹಾಕಿ, ಹೊಸಿಲ ಮುಂದಿನ ಕಟ್ಟೆಯ ಮೇಲೆ ಬಂದು ಕೂತರು.

ಗಾಡಿಯನ್ನು ಕಚೇರಿಯ ಆವರಣದಲ್ಲಿ ನಿಲ್ಲಿಸಿ ಮಗ ನಡೆದು ಬಂದಾಗ ಬೀದಿ ದೀಪಗಳು ಹತ್ತಿದ್ದವು. ಕಟ್ಟೆಯ ಮುಂದೆ ಬಂದು ನಿಂತ. ಮಾವ ಕಣ್ಣು ಕಿರಿದಾಗಿಸಿ ನೋಡಿದರು. ಬಾಗಿಲ ಮರೆಯಲ್ಲಿದ್ದ ಸೊಸೆ, ದಂಡಪಿಂಡ ಎಂದಾದರೂ ಅನ್ನಲಿ ದೇವರೇ ಎಂದು ಬೇಡಿಕೊಂಡಳು.

"ಯಾರು ಬೇಕಿತ್ತು? ಅಂಗಡಿ ಮುಚ್ಚಿದೆ ಸ್ವಾಮಿ. ಇನ್ನು ಯಾರ ಗಾಡೀನೂ ತಗೊಳ್ಳಲ್ಲ."

"ಗಾಡಿ ಇಲ್ಲ... ಹಾಗೇ ನಡ್ಕೊಂಡು ಬಂದೆ."

"ಅಯ್ಯೋ ಪಾಪ, ನಡ್ಕೊಂಡಾ? ಮುಖ ಬಾಡಿದೆ ನೋಡಿ." ಮಾವ ಸ್ವಲ್ಪ ಸರಿದು ಕಟ್ಟೆಯ ಮೇಲೆ ಜಾಗ ಮಾಡಿದರು. "ಕೂತ್ಕೊಳ್ಳಿ. ಸುಧಾರಿಸ್ಕೊಂಡು ಹೋಗುವಿರಂತೆ."

ಮಗ ಕೂತ. ಸೊಸೆ ಕಣ್ಣೊರೆಸಿಕೊಂಡು ಒಂದು ಲೋಟ ನೀರು ತಂದು ಮಾವನ ಮುಂದೆ ಹಿಡಿದಳು. ಅವರು ಅದನ್ನು ತಾವು ಕುಡಿಯದೆ ಪಕ್ಕದವನ ಕೈಗೆ ಕೊಟ್ಟರು.